ಮಿಸೂರಿಯ ಬೇಸ್‌ಬಾಲ್ ಯಾತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟದ ನಡುವೆ ಕಣ್ಣು ಮುಚ್ಚಿ ಬೆರಳಿಟ್ಟರೆ ಆ ಬೆರಳು ಮಿಸೂರಿ ರಾಜ್ಯದ ಆಸುಪಾಸಿನಲ್ಲೇ ಎಲ್ಲಿಯಾದರೂ ಬೀಳುವ ಸಂಭವ ಹೆಚ್ಚು. ಆ ರಾಜ್ಯದ ಪೂರ್ವದ ಅಂಚಿನಲ್ಲಿ, ಮಿಸಿಸಿಪಿ ನದಿಯ ದಡದ ಮೇಲೆ, ಸೇಂಟ್ ಲೂಯಿಸ್ ನಗರ. ಪಶ್ಚಿಮದ ಅಂಚಿನಲ್ಲಿ, ಮಿಸೂರಿ ನದಿಯ ದಡದ ಮೇಲೆ, ಕ್ಯಾನ್ಸಸ್ ಸಿಟಿ. ಇವೆರಡನ್ನೂ ಸೇರಿಸುವ ಎಪ್ಪತ್ತನೆಯ ಸಂಖ್ಯೆಯ ಹೆದ್ದಾರಿಯ ಉದ್ದ ಸುಮಾರು 400 ಕಿಲೋಮೀಟರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಷ್ಟೋ ಅಷ್ಟು. ಎರಡು ನಗರಗಳಿಗೂ ಒಂದೊಂದು ಹೆಸರಾಂತ ಬೇಸ್‌ಬಾಲ್ ತಂಡವಿದೆ. ಶುಕ್ರವಾರ ಸಂಜೆ ಒಂದು ಊರಿನಲ್ಲಿ ಆಟ ನೋಡಿ, ಭಾನುವಾರ ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಆಟ ನೋಡಿ, ಅದೇ ರಾತ್ರಿ ಮನೆ ಸೇರಬಹುದು. ಆ ದೇಶದ ಜನ ಬೇಸಗೆಯಲ್ಲಿ ಇಂಥ ಯಾತ್ರೆಗಳನ್ನು ನಮ್ಮವರು ಜಾತ್ರೆಗೆ ಹೋಗುವ ಹುರುಪಿನಿಂದಲೇ ಮಾಡುತ್ತಾರೆ.

ನಾವು ಹೊರಟವರು ನಾಲ್ವರು. ಸೇಂಟ್ ಲೂಯಿಸಿನಲ್ಲಿ ಬಹುಕಾಲದಿಂದ ನೆಲೆಸಿರುವ ಮೈಸೂರಿನ ಎಂಜಿನಿಯರ್ ಮಿತ್ರರು, ಅವರ ಪತ್ನಿ, ಅತಿಥಿಯಾಗಿ ಬಂದಿದ್ದ ಧಾರವಾಡದ ನಿವೃತ್ತ ಪ್ರಾಧ್ಯಾಪಕರು, ಮತ್ತು ನಾನು. ನಮ್ಮಲ್ಲಿ ಬೇಸ್‌ಬಾಲಿನ ಮರ್ಮವನ್ನು ಬಲ್ಲವರು ಆ ತಾಯಿಯೊಬ್ಬರೇ. ಕಾರು ನಡೆಸುವ ಭಾರವನ್ನೂ ಆಟವನ್ನು ವಿವರಿಸುವ ಭಾರವನ್ನೂ ಅವರೇ ವಹಿಸಿಕೊಂಡರು. ಬುತ್ತಿಯ ಭಾರ ಎಂಜಿನಿಯರರದು. ಪ್ರಾಧ್ಯಾಪಕರು ಧಾರವಾಡದಿಂದ ತಂದ ಶೇಂಗಾ ಚಟ್ನಿಯ ಡಬ್ಬಿಯನ್ನು ಕಾಣಿಕೆಯಾಗಿ ಕೊಟ್ಟು, ಹಿಂದಿನ ಆಸನದಲ್ಲಿ ಕಿಟಕಿಯ ಪಕ್ಕವನ್ನು ಹಿಡಿದರು.

ಮಹಾದ್ವಾರದ ನೆರಳಿನಲ್ಲಿ

ಸೇಂಟ್ ಲೂಯಿಸಿನ ಬುಷ್ ಕ್ರೀಡಾಂಗಣ 2006ರಲ್ಲಿ ತೆರೆದದ್ದು. ಕೆಂಪು ಇಟ್ಟಿಗೆಯ ಕಟ್ಟಡ, ಕೆಂಪು ಕುರ್ಚಿಗಳು. ಕಾರ್ಡಿನಲ್ ಎಂಬ ಕೆಂಪು ಹಕ್ಕಿಯ ಹೆಸರನ್ನು ಹೊತ್ತ ತಂಡದ ಕೆಂಪು ಅಂಗಿ ತೊಟ್ಟ ಸಾವಿರಾರು ಜನ. ಬಯಲಿನ ಆಚೆಯ ಅಂಚಿನ ಮೇಲೆ, ಆಕಾಶಕ್ಕೆ ಬಾಗಿಸಿ ನಿಲ್ಲಿಸಿದ ಬೆಳ್ಳಿಯ ಬಳೆಯಂತೆ, ನಗರದ ಮಹಾದ್ವಾರವಾದ ಕಮಾನು ಕಾಣುತ್ತದೆ. 1965ರಲ್ಲಿ ಪೂರ್ಣಗೊಂಡ ಈ ಉಕ್ಕಿನ ಕಮಾನಿನ ಎತ್ತರ 192 ಮೀಟರು. ಇಳಿಬಿಸಿಲು ಅದರ ಒಂದು ಮಗ್ಗುಲಿಗೆ ಬಿದ್ದು, ಆಟಗಾರರು ಬಯಲಿಗೆ ಇಳಿಯುವ ಹೊತ್ತಿಗೆ ಕೆಂಬಣ್ಣಕ್ಕೆ ತಿರುಗಿತ್ತು.

ಕ್ರಿಕೆಟ್ ಬಲ್ಲ ನಮ್ಮವರಿಗೆ ಬೇಸ್‌ಬಾಲ್ ದೂರದ ನೆಂಟನಂತೆ ಕಾಣುತ್ತದೆ. ಮುಖಚರ್ಯೆ ಪರಿಚಿತ, ಮಾತು ಅಪರಿಚಿತ. ಇಲ್ಲಿಯೂ ಒಬ್ಬನು ಚೆಂಡು ಎಸೆಯುತ್ತಾನೆ, ಒಬ್ಬನು ಹೊಡೆಯುತ್ತಾನೆ. ಆದರೆ ಚೆಂಡು ನೆಲಕ್ಕೆ ಬಿದ್ದು ಪುಟಿಯುವಂತಿಲ್ಲ. ಪಿಚರ್ ಎಂಬ ಎಸೆಗಾರನು 18.44 ಮೀಟರು ದೂರದ ದಿಬ್ಬದ ಮೇಲೆ ನಿಂತು ಅದನ್ನು ನೇರವಾಗಿ ಗಾಳಿಯಲ್ಲೇ ಎಸೆಯುತ್ತಾನೆ. ಗಂಟೆಗೆ ನೂರೈವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುವ ಆ ಚೆಂಡು ಎದುರಾಳಿಯನ್ನು ಮುಟ್ಟಲು ಅರ್ಧ ಕ್ಷಣವೂ ಹಿಡಿಯುವುದಿಲ್ಲ. ದಾಂಡಿಗನ ಕೈಯಲ್ಲಿರುವುದು ಚಪ್ಪಟೆ ಹಲಗೆಯಲ್ಲ, ಒನಕೆಯಂಥ ದುಂಡು ಕೋಲು. ಹೊಡೆದ ಮೇಲೆ ಚೌಕದ ನಾಲ್ಕು ಮೂಲೆಗಳನ್ನು, ಒಂದೊಂದು ಬದಿ 27 ಮೀಟರಿನಂತೆ, ಸುತ್ತಿ ಮನೆಗೆ ಮರಳಿದರೆ ಒಂದು ರನ್. ಮೂವರು ಔಟಾದರೆ ಸರದಿ ಬದಲು. ಹೀಗೆ ಒಂಬತ್ತು ಸರದಿಗಳು.

ಮೊದಲ ನಾಲ್ಕು ಸರದಿಗಳಲ್ಲಿ ಯಾವ ಕಡೆಯವರೂ ಒಂದು ರನ್ನನ್ನೂ ಗಳಿಸಲಿಲ್ಲ. ಪ್ರಾಧ್ಯಾಪಕರು ಕಾದು ಕಾದು ಕೇಳಿದರು:

“ಆಟ ಯಾವಾಗ ಶುರು ಆಗ್ತದ, ತಂಗಿ?”

“ಹೆಚ್ಚುಕಡಿಮೆ ಅರ್ಧ ಮುಗಿದೇಹೋಯಿತು, ಮೇಷ್ಟ್ರೇ!” ಎಂದರು ಆಕೆ.

ಅನಂತರ ಆಕೆ ಹೇಳಿದ ಒಂದು ಮಾತಿನಿಂದ ನಮಗೆ ಆಟದ ಕಣ್ಣು ತೆರೆಯಿತು. ಈ ಆಟದಲ್ಲಿ ಹತ್ತು ಬಾರಿ ನಿಂತು ಮೂರು ಬಾರಿ ಸರಿಯಾಗಿ ಹೊಡೆದವನು ಉತ್ತಮ ದಾಂಡಿಗನೆನಿಸುತ್ತಾನೆ. ಏಳು ಬಾರಿ ಸೋಲುವುದು ಲೆಕ್ಕದೊಳಗಿನ ಮಾತು. ಆದುದರಿಂದ ನೋಡಬೇಕಾದದ್ದು ರನ್ನನ್ನಲ್ಲ. ಎಸೆಗಾರನಿಗೂ ದಾಂಡಿಗನಿಗೂ ನಡುವೆ ಒಂದೊಂದು ಎಸೆತಕ್ಕೂ ನಡೆಯುವ ಮನಸ್ಸಿನ ಕುಸ್ತಿಯನ್ನು. ಹಿಂದೆ ಈ ಕುಸ್ತಿಗೆ ಹೊತ್ತಿನ ಮಿತಿಯೇ ಇರಲಿಲ್ಲ. 2023ರಿಂದ ಎಸೆತಕ್ಕೆ ಗಡಿಯಾರ ಕಟ್ಟಿದ್ದಾರೆ. ನಿಗದಿಯಾದ ಕೆಲವೇ ಕ್ಷಣಗಳೊಳಗೆ ಚೆಂಡು ಕೈಬಿಡಬೇಕು. ಅದರಿಂದ ಆಟ ಚುರುಕಾಗಿದೆ. ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಈ ಅವಸರವನ್ನೆಲ್ಲ ಲಕ್ಷಿಸದೆ, ಸೀಸದಕಡ್ಡಿ ಹಿಡಿದು, ಒಂದೊಂದು ಎಸೆತದ ಫಲವನ್ನೂ ಚೌಕುಳಿ ಹಾಳೆಯಲ್ಲಿ ಪಂಚಾಂಗ ಬರೆಯುವವರ ಶ್ರದ್ಧೆಯಿಂದ ಗುರುತಿಸಿಕೊಳ್ಳುತ್ತಿದ್ದರು.

ಕಡಲೆಕಾಯಿಯ ವಿಷಯ ಹೇಳದಿದ್ದರೆ ವರ್ಣನೆ ಅಪೂರ್ಣವಾದೀತು. ಸಿಪ್ಪೆಸಹಿತ ಹುರಿದ ಕಡಲೆಕಾಯಿಯ ಪೊಟ್ಟಣವಿಲ್ಲದೆ ಬೇಸ್‌ಬಾಲ್ ಇಲ್ಲ. ಏಳನೆಯ ಸರದಿಯ ನಡುವೆ ಎಲ್ಲರೂ ಎದ್ದು ನಿಂತು ಹಾಡುವ 1908ರ ಹಾಡಿನಲ್ಲಿಯೂ ಅದರ ಹೆಸರಿದೆ. ಸಿಪ್ಪೆಯನ್ನು ಕಾಲಡಿಯಲ್ಲೇ ಚೆಲ್ಲುವುದು ಅಲ್ಲಿಯ ರೂಢಿ. ಆಟ ಮುಗಿಯುವ ಹೊತ್ತಿಗೆ ನೆಲವೆಲ್ಲ ಬಸವನಗುಡಿಯ ಕಡಲೆಕಾಯಿ ಪರಿಷೆಯ ಮರುದಿನದಂತೆ ಕಾಣುತ್ತಿತ್ತು.

ಓಟಗಾರನ ವಿಗ್ರಹ

ಆಟ ಮುಗಿದು ಹೊರಬಂದಾಗ ಬಾಗಿಲ ಬಳಿ ಸಾಲುಗಟ್ಟಿ ನಿಂತ ಕಂಚಿನ ವಿಗ್ರಹಗಳನ್ನು ನೋಡಿದೆವು. ಹೆಚ್ಚಿನವು ಕಾರ್ಡಿನಲ್ ತಂಡದ ಮಹಾವೀರರವು. ಅವುಗಳ ನಡುವಿನ ಒಬ್ಬನು ಆ ತಂಡಕ್ಕಾಗಿ ಒಂದು ದಿನವೂ ಆಡಿದವನಲ್ಲ, ಆಡಲು ಬಿಟ್ಟಿದ್ದರೆ ತಾನೆ! ಅವನು ಜೇಮ್ಸ್ ಬೆಲ್. ಜನ ಕರೆದದ್ದು ‘ಕೂಲ್ ಪಾಪಾ’ ಎಂದು. ಕಪ್ಪುವರ್ಣದವನಾದುದರಿಂದ ಅವನು ಅದೇ ಊರಿನ ಸ್ಟಾರ್ಸ್ ಎಂಬ ತಂಡಕ್ಕೆ, ಕಪ್ಪುಜನರೇ ಕಟ್ಟಿಕೊಂಡಿದ್ದ ಪ್ರತ್ಯೇಕ ಲೀಗಿನಲ್ಲಿ ಆಡಿದ. ಅವನ ಓಟದ ಬಗ್ಗೆ ಒಂದು ಕಟ್ಟುಕಥೆ ಪ್ರಸಿದ್ಧವಾಗಿದೆ. ಕೋಣೆಯ ದೀಪದ ಗುಂಡಿ ಒತ್ತಿದರೆ, ಕತ್ತಲಾಗುವ ಮೊದಲೇ ಅವನು ಹಾಸಿಗೆಯಲ್ಲಿ ಹೊದ್ದು ಮಲಗಿರುತ್ತಿದ್ದನಂತೆ! ಆ ವಸತಿಗೃಹದ ದೀಪದ ಗುಂಡಿ ಕೆಟ್ಟು ತಡವಾಗಿ ಆರುತ್ತಿತ್ತೆಂಬುದು ಕಥೆಯ ಒಳಗುಟ್ಟು.

ಕಟ್ಟುಕಥೆಯಲ್ಲದ ಸಂಗತಿ ಹೀಗಿದೆ. ಆಟ ಬಿಟ್ಟ ಮೇಲೆ ಈ ವೇಗವೀರನು ಸೇಂಟ್ ಲೂಯಿಸಿನ ನಗರಸಭೆಯ ಕಟ್ಟಡದಲ್ಲಿ ಕಸಗುಡಿಸುವ ಕೆಲಸವನ್ನೂ ರಾತ್ರಿಕಾವಲನ್ನೂ ಮಾಡಿ ಜೀವಿಸಿದ. 1974ರಲ್ಲಿ ಅವನಿಗೆ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಸ್ಥಾನ ದೊರೆಯಿತು, 1991ರಲ್ಲಿ ತೀರಿಕೊಂಡ. ಆ ನಗರಸಭೆ ಈ ವಿಗ್ರಹದಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ. ಆ ಊರಿನ ಹಳೆಯ ಕ್ರೀಡಾಂಗಣದಲ್ಲಿ ಕಪ್ಪುಜನರು ಆಡುವುದಂತಿರಲಿ, ಬಿಳಿಯರ ಜೊತೆಗೆ ಕುಳಿತು ನೋಡುವ ಅವಕಾಶ ಕೂಡ 1944ರವರೆಗೆ ಇರಲಿಲ್ಲ. ದೊಡ್ಡ ಲೀಗಿನ ಕ್ರೀಡಾಂಗಣಗಳಲ್ಲಿ ಈ ನಿರ್ಬಂಧವನ್ನು ಕಟ್ಟಕಡೆಗೆ ತೆಗೆದುಹಾಕಿದ್ದು ಅದೇ. ಕಮಾನಿನ ಎದುರಿಗೆ ಗುಮ್ಮಟ ಹೊತ್ತು ನಿಂತ ಹಳೆಯ ನ್ಯಾಯಾಲಯದಲ್ಲಿಯೇ ಡ್ರೆಡ್ ಸ್ಕಾಟ್ ಎಂಬ ಗುಲಾಮನು 1847ರಲ್ಲಿ ಬಿಡುಗಡೆಗಾಗಿ ವಾದಿಸಿದ್ದು. 1857ರಲ್ಲಿ ರಾಷ್ಟ್ರದ ಶ್ರೇಷ್ಠ ನ್ಯಾಯಾಲಯ ಅವನಿಗೆ ಪೌರತ್ವವೇ ಇಲ್ಲವೆಂದು ತೀರ್ಪಿತ್ತಿತು. ಸಂತೋಷಕ್ಕೆಂದು ಹೊರಟ ನಮ್ಮ ಯಾತ್ರೆ ಆ ರಾತ್ರಿಯೇ ಇನ್ನೊಂದು ಬಗೆಯ ಯಾತ್ರೆಯಾಗತೊಡಗಿತ್ತು.

ಹೆದ್ದಾರಿಯ ಮೇಲೆ

ಶನಿವಾರ ಬೆಳಗಿನ ಏಳಕ್ಕೆ ಹೊರಟೆವು. ಸೇಂಟ್ ಚಾರ್ಲ್ಸ್ ಎಂಬಲ್ಲಿ ಮೊದಲ ಬಾರಿಗೆ ಮಿಸೂರಿ ನದಿಯನ್ನು ದಾಟಬೇಕು. ಬಗ್ಗಡ ನೀರಿನ, ಗಂಭೀರ ನಡೆಯ ಹೊಳೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ಮಹಾಯೋಜನೆಗೆ 1956ರಲ್ಲಿ ಕಾನೂನಾದಾಗ ಎಲ್ಲಕ್ಕಿಂತ ಮೊದಲು ಗುದ್ದಲಿ ಬಿದ್ದ ಕೆಲವೇ ಜಾಗಗಳಲ್ಲಿ ಈ ಪ್ರದೇಶವೂ ಒಂದು. ಅಲ್ಲಿಂದಾಚೆಗೆ ಎರಡು ಮಗ್ಗುಲಿಗೂ ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಹೊಲಗಳು. ಅರ್ಧದಾರಿಯಲ್ಲಿ ಕೊಲಂಬಿಯಾ ಎಂಬ ವಿಶ್ವವಿದ್ಯಾನಿಲಯದ ಊರು. ಅದನ್ನು ದಾಟಿದ ಕೂಡಲೇ ಸುಣ್ಣಕಲ್ಲಿನ ಬೆಟ್ಟದ ಕೊರಕಲಿನ ನಡುವೆ ಮತ್ತೆ ಅದೇ ನದಿ. ಆ ದಡದ ಒಂದು ತಂಗುದಾಣದಲ್ಲಿ ಚಿತ್ರಾನ್ನದ ಬುತ್ತಿ ಬಿಚ್ಚಿದೆವು. ಶೇಂಗಾ ಚಟ್ನಿಯ ಡಬ್ಬಿ ಅರ್ಧಕ್ಕಿಳಿಯಿತು.

ಈ ಹೆದ್ದಾರಿಗೆ ಬೇಸ್‌ಬಾಲ್ ಪುರಾಣದಲ್ಲಿ ಒಂದು ಪರ್ವವೇ ಮೀಸಲಾಗಿದೆ. 1985ರಲ್ಲಿ ಈ ಎರಡು ಊರುಗಳ ತಂಡಗಳೇ ‘ವಿಶ್ವ ಸರಣಿ’ ಎಂಬ ಅಂತಿಮ ಹಣಾಹಣಿಯಲ್ಲಿ ಎದುರಾದುವು. ಏಳು ಪಂದ್ಯಗಳ ಸರಣಿ. ಸೇಂಟ್ ಲೂಯಿಸ್ ಮೂರನ್ನು ಗೆದ್ದಿತ್ತು. ಆರನೆಯದರಲ್ಲಿಯೂ ಕೊನೆಯ ಸರದಿಗೆ ಬಂದಾಗ ಒಂದು ರನ್ನಿನಿಂದ ಮುಂದಿತ್ತು. ಆಗ ಅಂಪೈರ್ ಡಾನ್ ಡೆಂಕಿಂಜರ್ ಔಟಾದ ಓಟಗಾರನನ್ನು ಔಟಿಲ್ಲವೆಂದು ಸಾರಿದರು. ಕ್ಯಾನ್ಸಸ್ ಸಿಟಿ ಆ ಪಂದ್ಯವನ್ನು 2–1ರಿಂದ ಗೆದ್ದು, ಮರುದಿನ 11–0ಯಿಂದ ಸರಣಿಯನ್ನೂ ಗೆದ್ದಿತು. ಅಂದಿನ ತೀರ್ಪು ತಪ್ಪೆಂದು ಅಂಪೈರರೇ ಮುಂದೆ ಒಪ್ಪಿಕೊಂಡರು. ಈ ವೃತ್ತಾಂತವನ್ನು ಹೇಳುವಾಗ ನಮ್ಮ ಸಾರಥಿಯ ಮುಖ ಕೆಂಪಾಗಿತ್ತು.

ಪ್ರಾಧ್ಯಾಪಕರು ನಕ್ಕು, “ನಲವತ್ತು ವರ್ಷದ ಮ್ಯಾಲೂ ಇಷ್ಟು ಸಿಟ್ಟೇನು ತಂಗಿ?” ಎಂದರು.

“ಒಂದು ತಪ್ಪು ತೀರ್ಪಿಗೆ ಇಷ್ಟು ಸಿಟ್ಟು, ಮೇಷ್ಟ್ರೇ. ಇಡೀ ಜನ್ಮವೇ ತಪ್ಪು ತೀರ್ಪಾದವರನ್ನು ಮಧ್ಯಾಹ್ನ ನೋಡೋಣ,” ಎಂದು ಆಕೆ ಉತ್ತರ ಕೊಟ್ಟರು.

ನಾವು ಹಾಯಾಗಿ ನಾಲ್ಕೂವರೆ ಗಂಟೆಗಳಲ್ಲಿ ಕ್ರಮಿಸಿದ ಈ ದಾರಿಯನ್ನು ಹಿಂದೆ ಕಪ್ಪುಜನರ ತಂಡಗಳು ಬಸ್ಸುಗಳಲ್ಲಿ ಹಾದುಹೋಗುತ್ತಿದ್ದುವು. ಅವರಿಗೆ ಎಷ್ಟೋ ಊರುಗಳಲ್ಲಿ ಊಟದ ಮನೆಯ ಬಾಗಿಲು ಮುಚ್ಚಿತ್ತು, ಮಲಗಲು ಜಾಗ ಸಿಕ್ಕುತ್ತಿರಲಿಲ್ಲ. ಯಾವ ಊರಿನಲ್ಲಿ ಯಾವ ಮನೆ ತಮ್ಮವರನ್ನು ಸೇರಿಸಿಕೊಳ್ಳುತ್ತದೆಂದು ತಿಳಿಸುವ ‘ಗ್ರೀನ್ ಬುಕ್’ ಎಂಬ ಕೈಪಿಡಿ 1936ರಿಂದ ಸುಮಾರು ಮೂವತ್ತು ವರ್ಷ ಪ್ರಕಟವಾಗುತ್ತಿತ್ತು. ಪ್ರವಾಸಕ್ಕೆ ಅಂಥ ಪುಸ್ತಕ ಬೇಕಾದ ಕಾಲವೂ ಒಂದಿತ್ತು.

ತಂತಿಬಲೆಯ ಆಚೆಗೆ

ಕ್ಯಾನ್ಸಸ್ ಸಿಟಿಯಲ್ಲಿ ಹದಿನೆಂಟನೆಯ ಬೀದಿಯೂ ವೈನ್ ಬೀದಿಯೂ ಕೂಡುವ ಜಾಗ ಒಂದು ಕಾಲಕ್ಕೆ ಕಪ್ಪುಜನರ ಪೇಟೆಯ ಹೃದಯವಾಗಿತ್ತು. ಜಾಜ್ ಸಂಗೀತ ಅಲ್ಲಿ ಇರುಳಿಡೀ ಮೊಳಗುತ್ತಿತ್ತು. ಅಲ್ಲಿಗೆ ಸಮೀಪದಲ್ಲಿರುವ ವೈ.ಎಂ.ಸಿ.ಎ. ಕಟ್ಟಡವೊಂದರಲ್ಲಿ 1920ರ ಫೆಬ್ರವರಿಯಲ್ಲಿ ರೂಬ್ ಫಾಸ್ಟರ್ ಎಂಬ ಧೀಮಂತ ಆಟಗಾರನು ಇತರ ತಂಡಗಳ ಒಡೆಯರನ್ನು ಕೂಡಿಸಿ ‘ನೀಗ್ರೋ ನ್ಯಾಷನಲ್ ಲೀಗ್’ ಸ್ಥಾಪಿಸಿದ. ಅದು ಅಂದಿನ ಕಾಲದ ಹೆಸರು. ಇತಿಹಾಸ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಆ ಲೀಗಿನ ಸ್ಮರಣೆಗಾಗಿ 1990ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯ 1997ರಿಂದ ಈ ಮೂಲೆಯಲ್ಲಿ, ಜಾಜ್ ವಸ್ತುಸಂಗ್ರಹಾಲಯದ ಜೊತೆ ಒಂದೇ ಸೂರಿನಡಿ ಇದೆ.

ಒಳಗೆ ಕಾಲಿಟ್ಟೊಡನೆ ಒಂದು ತಂತಿಬಲೆಯ ಬೇಲಿ. ಅದರಾಚೆ ಹಸಿರು ಬಯಲು; ಬಯಲಿನಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಆಡಲು ಅಣಿಯಾಗಿ ನಿಂತ ಕಂಚಿನ ಆಟಗಾರರು. ಅಲ್ಲಿಗೆ ಹೋಗಬೇಕೆನ್ನಿಸುತ್ತದೆ, ಹೋಗುವ ಹಾಗಿಲ್ಲ; ಬಲೆಯ ಕಣ್ಣಿನಿಂದ ಇಣಿಕಿ ನೋಡಬೇಕು. ಸುತ್ತಣ ಓಣಿಗಳಲ್ಲಿ ನಡೆದು, ಆ ಜನರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಮುಗಿಸಿದವನಿಗೆ ಮಾತ್ರ ಕಟ್ಟಕಡೆಗೆ ಬಯಲಿನ ಬಾಗಿಲು ತೆರೆಯುತ್ತದೆ. ಬೇಲಿಯಾಚೆಗೆ ನಿಲ್ಲಬೇಕಾದ ಬೇಗೆ ಎಂಥದೆಂಬುದನ್ನು ಈ ಕಟ್ಟಡ ಮಾತಿಲ್ಲದೆ ತಿಳಿಸಿಕೊಡುತ್ತದೆ.

ಆ ಓಣಿಗಳಲ್ಲಿ ಕಂಡದ್ದು ಬರಿಯ ದುಃಖದ ಕಥೆಯಲ್ಲ. ಕ್ಯಾನ್ಸಸ್ ಸಿಟಿಯ ಮೊನಾರ್ಕ್ಸ್ ತಂಡ ಲಾರಿಗಳ ಮೇಲೆ ಕಂಬಗಳನ್ನು ನಿಲ್ಲಿಸಿ, ಜನರೇಟರು ಹೂಡಿ, 1930ರಲ್ಲೇ ಊರೂರಿಗೆ ದೀಪಗಳನ್ನು ಒಯ್ದು ರಾತ್ರಿ ಪಂದ್ಯವಾಡಿತು. ಬಿಳಿಯರ ದೊಡ್ಡ ಲೀಗಿಗೆ ಆ ಬೆಳಕು ಬಂದದ್ದು 1935ರಲ್ಲಿ. ಭಾನುವಾರದ ಪಂದ್ಯಕ್ಕೆ ಜನ ಇಗರ್ಜಿಯಿಂದ ನೇರವಾಗಿ ಹಬ್ಬದ ಉಡುಪಿನಲ್ಲೇ ಬರುತ್ತಿದ್ದರಂತೆ. ಹಾಗೆಯೇ ಆ ಲೀಗು ಅಳಿದ ಬಗೆಯೂ ಅಲ್ಲಿ ಕಾಣುತ್ತದೆ. 1945ರಲ್ಲಿ ಮೊನಾರ್ಕ್ಸ್ ತಂಡದಲ್ಲಿದ್ದ ಜಾಕಿ ರಾಬಿನ್‌ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡದ ಪರವಾಗಿ ಬಯಲಿಗಿಳಿದು ದೊಡ್ಡ ಲೀಗಿನ ವರ್ಣಭೇದವನ್ನು ಮುರಿದ. ಅವನನ್ನು ಕೊಂಡೊಯ್ದುದಕ್ಕೆ ಮೊನಾರ್ಕ್ಸ್ ತಂಡಕ್ಕೆ ಬಿಡಿಗಾಸೂ ಸಂದಾಯವಾಗಲಿಲ್ಲ. ಒಬ್ಬೊಬ್ಬರಾಗಿ ಒಳ್ಳೆಯ ಆಟಗಾರರು ಹೋದರು, ಅವರ ಹಿಂದೆ ಪ್ರೇಕ್ಷಕರೂ ಹೋದರು. ಕಪ್ಪುಜನರು ಬೆವರಿನಿಂದ ಕಟ್ಟಿದ ಲೀಗು, ಅದರ ಸುತ್ತ ಬಾಳುತ್ತಿದ್ದ ಪೇಟೆ ಎರಡೂ ಸೊರಗಿದುವು. ನ್ಯಾಯ ಬಂದಿತು, ಬರುವಾಗ ಒಂದು ಮನೆಯನ್ನು ಬರಿದುಮಾಡಿಯೂ ಬಂದಿತು.

ಪ್ರಾಧ್ಯಾಪಕರು ಬಹಳ ಹೊತ್ತು ಆ ತಂತಿಬಲೆಯ ಬಳಿ ನಿಂತಿದ್ದರು. ಕಡೆಗೆ, “ನಮ್ಮ ಧಾರವಾಡದಾಗ ಹುಟ್ಟಿದ ಬಾಲೂನ ಕಥೀನೂ ಇದ ಅಲ್ಲೇನ್ರಿ?” ಎಂದರು.

ಅವರು ನೆನೆದದ್ದು 1876ರಲ್ಲಿ ಧಾರವಾಡದಲ್ಲಿ ಜನಿಸಿದ ಪಲ್ವಂಕರ್ ಬಾಲೂ ಅವರನ್ನು. ಅಸ್ಪೃಶ್ಯವೆನಿಸಿದ ಕುಲದಲ್ಲಿ ಹುಟ್ಟಿ, ಪುಣೆಯ ಕ್ರಿಕೆಟ್ ಬಯಲನ್ನು ಹಸನುಮಾಡುವ ಕೂಲಿಯಾಗಿ ಸೇರಿ, ಭಾರತದ ಮೊದಲ ಮಹಾನ್ ಬೌಲರ್ ಎನಿಸಿಕೊಂಡವರು ಅವರು. ಬಯಲಿನಲ್ಲಿ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದ ಸಹ ಆಟಗಾರರು ವಿರಾಮದಲ್ಲಿ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅದು ದೊರೆತದ್ದು 1923ರಲ್ಲಿ, ತಮ್ಮ ವಿಠ್ಠಲನಿಗೆ. ಮಿಸೂರಿಯ ಈ ಬೇಲಿಯ ಮುಂದೆ ನಿಂತು ಅಮೆರಿಕನ್ನರನ್ನು ಹಳಿಯುವ ಅಧಿಕಾರ ನಮಗಿಲ್ಲವೆಂಬುದನ್ನು ಆ ಒಂದು ಪ್ರಶ್ನೆ ನೆನಪಿಗೆ ತಂದಿತು.

ಕಡೆಗೆ ಬಾಗಿಲು ದಾಟಿ ಬಯಲಿಗೆ ಬಂದೆವು. ದಿಬ್ಬದ ಮೇಲೆ ಸ್ಯಾಚೆಲ್ ಪೇಜ್. ನಲವತ್ತೆರಡನೆಯ ವಯಸ್ಸಿನಲ್ಲಿ, 1948ರಲ್ಲಿ, ದೊಡ್ಡ ಲೀಗಿಗೆ ಕಾಲಿಟ್ಟ ಎಸೆಗಾರ. 1965ರಲ್ಲಿ, ಐವತ್ತೊಂಬತ್ತರ ಹರೆಯದಲ್ಲಿ, ಇದೇ ಊರಿನಲ್ಲಿ ಮೂರು ಸರದಿ ಎಸೆದು ಎದುರಾಳಿಗೆ ಒಂದು ರನ್ನನ್ನೂ ಕೊಡಲಿಲ್ಲ! ಅವನೆದುರು ಕುಕ್ಕರಗಾಲಿನಲ್ಲಿ ಚೆಂಡು ಹಿಡಿಯಲು ಕುಳಿತಿರುವವನು ಜಾಷ್ ಗಿಬ್ಸನ್. ಈತ ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ, ರಾಬಿನ್‌ಸನ್ ಬಯಲಿಗಿಳಿಯುವುದಕ್ಕೆ ಮೂರು ತಿಂಗಳು ಮೊದಲು, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. 2020ರಲ್ಲಿ ಕಪ್ಪುಜನರ ಲೀಗುಗಳಿಗೂ ದೊಡ್ಡ ಲೀಗಿನ ಮಾನ್ಯತೆ ಬಂದು, 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಲಾಯಿತು. ಆಗ ಟೈ ಕಾಬ್ ಎಂಬ ಬಿಳಿಯ ದಾಂಡಿಗನ ಹೆಸರಿನಲ್ಲಿದ್ದ .367ರ ಜೀವಮಾನದ ಸರಾಸರಿ ಎರಡನೆಯ ಸ್ಥಾನಕ್ಕಿಳಿದು, ಗಿಬ್ಸನ್ನನ .372 ಮೊದಲಿಗೆ ಬಂದಿತು. ಸತ್ತು ಎಪ್ಪತ್ತೇಳು ವರ್ಷಗಳಾದ ಮೇಲೆ!

ನೀಲಿಯ ನಡುವೆ ಒಂದು ಕೆಂಪು

ಭಾನುವಾರ ಮಧ್ಯಾಹ್ನ ಕಾಫ್‌ಮನ್ ಕ್ರೀಡಾಂಗಣಕ್ಕೆ ಹೋದೆವು. 1973ರಲ್ಲಿ ಕಟ್ಟಿದ ಇದು ನಮ್ಮ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಬಯಲಿನ ಬೇಲಿಯಾಚೆ ಉದ್ದಕ್ಕೂ ಚಿಮ್ಮುವ ಕಾರಂಜಿಗಳು. ಹೊಡೆತವೊಂದು ಬೇಲಿ ದಾಟಿ ನೀರಿಗೆ ಬಿದ್ದಾಗ ಮಕ್ಕಳು ಎದ್ದು ಕುಣಿಯುತ್ತಾರೆ. ಅಂದಿನ ಬಿಸಿಲಿನಲ್ಲಿ ಬಿಡದೆ ಚಿಮ್ಮುವ ಆ ನೀರನ್ನು ನೋಡುವುದೇ ಒಂದು ಸುಖ. ನಮ್ಮ ಪ್ರಾಧ್ಯಾಪಕರು ಎರಡನೆಯ ಸರದಿಯಿಂದಲೇ ಎಸೆತಗಳನ್ನು ಎಣಿಸತೊಡಗಿ, ಪಕ್ಕದ ಬಾಲಕನಿಗೆ ಸಂಶಯ ಬಂದಾಗ ಲೆಕ್ಕ ಹೇಳುವಷ್ಟರ ಮಟ್ಟಿಗೆ ಪಳಗಿದ್ದರು.

ಕ್ರೀಡಾಂಗಣದ ಕುರ್ಚಿಗಳೆಲ್ಲ ನೀಲಿ. ದಾಂಡಿಗನ ಹಿಂಬದಿಯ ಸಾಲುಗಳಲ್ಲಿ ಒಂದೇ ಒಂದು ಕುರ್ಚಿ ಕೆಂಪಾಗಿದೆ. ಅದು ಬಕ್ ಓನೀಲ್ ಎಂಬವರ ಹೆಸರಿನದು. 1911ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಅವರಿಗೆ ಊರಿನ ಪ್ರೌಢಶಾಲೆ ಕಪ್ಪುವರ್ಣದ ಕಾರಣದಿಂದ ಬಾಗಿಲು ಮುಚ್ಚಿತು. 1938ರಲ್ಲಿ ಮೊನಾರ್ಕ್ಸ್ ಸೇರಿ ಆಡಿದರು, ಅನಂತರ ಆ ತಂಡವನ್ನು ನಡೆಸಿದರು. 1962ರಲ್ಲಿ ಷಿಕಾಗೋ ತಂಡದಲ್ಲಿ ದೊಡ್ಡ ಲೀಗಿನ ಮೊದಲ ಕಪ್ಪುವರ್ಣದ ತರಬೇತುದಾರರಾದರು. ನಾವು ಹಿಂದಿನ ದಿನ ಕಂಡ ವಸ್ತುಸಂಗ್ರಹಾಲಯವನ್ನು ಕಟ್ಟಲು ಮುಪ್ಪಿನಲ್ಲಿ ದುಡಿದವರೂ ಅವರೇ. 2006ರಲ್ಲಿ ಕಪ್ಪುಜನರ ಲೀಗಿಗೆ ಸಂಬಂಧಿಸಿದ ಹದಿನೇಳು ಮಂದಿಯನ್ನು ಕೀರ್ತಿಮಂದಿರಕ್ಕೆ ಆರಿಸಿದಾಗ ಆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆರಿಸಲ್ಪಟ್ಟವರಾರೂ ಬದುಕಿರಲಿಲ್ಲ. ಅವರ ಪರವಾಗಿ ಮಾತನಾಡಬೇಕೆಂದು ಕೇಳಿದಾಗ, ತೊಂಬತ್ತನಾಲ್ಕರ ಆ ವೃದ್ಧರು ಹೋಗಿ ಸಂತೋಷವಾಗಿ ಮಾತನಾಡಿದರು. ಸಭಿಕರೆಲ್ಲ ಕೈ ಕೈ ಹಿಡಿದು ಹಾಡುವಂತೆ ಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು. ಕೀರ್ತಿಮಂದಿರ ಅವರನ್ನು ಸೇರಿಸಿಕೊಂಡದ್ದು 2022ರಲ್ಲಿ.

ಅವರು ಬದುಕಿದ್ದಾಗ ಕುಳಿತು ಆಟ ನೋಡುತ್ತಿದ್ದ ಸ್ಥಳವನ್ನು 2007ರಿಂದ ಕೆಂಪು ಕುರ್ಚಿಯಿಂದ ಗುರುತಿಸಿ, ಊರಿಗೆ ಸೇವೆ ಮಾಡಿದ ಸಾಮಾನ್ಯರೊಬ್ಬರನ್ನು ಪಂದ್ಯಪಂದ್ಯಕ್ಕೂ ಆರಿಸಿ ಅಲ್ಲಿ ಕೂರಿಸುತ್ತಾರೆ. ನಾವು ಹೋದ ದಿನ ಅಲ್ಲಿದ್ದವರು ಬಿಳಿಗೂದಲಿನ ಒಬ್ಬ ಹೆಂಗಸು. ಅವರ ಮುಖ ದೊಡ್ಡ ತೆರೆಯ ಮೇಲೆ ಮೂಡಿದಾಗ ಸಾವಿರಾರು ಜನ ಎದ್ದು ಚಪ್ಪಾಳೆ ತಟ್ಟಿದರು. ಆಕೆ ಸಂಕೋಚದಿಂದ ಕೈಯೆತ್ತಿ, ಕೂಡಲೇ ಕೆಳಗಿಳಿಸಿ, ಬಯಲಿನ ಕಡೆಗೆ ತೋರಿಸಿದರು: ನನ್ನನ್ನೇಕೆ ನೋಡುತ್ತೀರಿ, ಆಟ ನೋಡಿ ಎಂಬಂತೆ. ಎಸೆಗಾರನು ಆಗಲೇ ದಿಬ್ಬದ ಮೇಲೆ ಸಿದ್ಧನಾಗಿ ನಿಂತಿದ್ದ.